ಲ್ಯಾಬಮ್ಮ ತುಂಬಿದ ಅರ್ಜಿ

ನೋಟಿಸ್ ಬೋರ್ಡಿನಲ್ಲಿ ಹೊಸ ಕಾಗದ ಬಿದ್ದದ್ದನ್ನು ಕಾಲೇಜಿನಲ್ಲಿ ಎಲ್ಲರಿಗಿಂತ ಮೊದಲು ಓದಿದವಳು ಲ್ಯಾಬಮ್ಮ. ಬೆಳಿಗ್ಗೆ ಏಳೂವರೆಗೆ ಬೀಗದ ಗೊಂಚಲು ಹಿಡಿದು ರಸಾಯನಶಾಸ್ತ್ರದ ಲ್ಯಾಬಿನ ಕಡೆ ಹೊರಟಿದ್ದವಳು ಬೋರ್ಡಿನ ಮುಂದೆ ನಿಂತಳು, ಕನ್ನಡಕ ಒರೆಸಿಕೊಂಡಳು, ಇಂಗ್ಲಿಷಿನ ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ಲ್ಯಾಬ್ ಅಸಿಸ್ಟೆಂಟ್ ಹುದ್ದೆ ಖಾಲಿ ಇದೆ, ಬೇಕಾದವರು ಅರ್ಜಿ ಹಾಕಬಹುದು ಎಂದು ಅದರ ತಾತ್ಪರ್ಯ.

"ಖಾಲಿ ಇದೆಯಂತೆ, ಖಾಲಿ!" ಎಂದಳು ಗಟ್ಟಿಯಾಗಿ. ಕೇಳುವುದಕ್ಕೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ಆ ಕೆಲ್ಸ ಮಾಡಿದ್ದು ಯಾರು, ದೆವ್ವಾನಾ?"

ಅವಳಿಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ. ಇಪ್ಪತ್ತನಾಲ್ಕು ವರ್ಷದ ಹಿಂದೆ ಅವಳು ಆ ಲ್ಯಾಬಿಗೆ ಅಟೆಂಡರ್ ಆಗಿ ಸೇರಿದ್ದು ನೆಲ ಒರೆಸುವುದಕ್ಕೆ ಮತ್ತು ಗಾಜಿನ ಸಾಮಾನು ತೊಳೆಯುವುದಕ್ಕೆ. ಆರು ವರ್ಷ ಅಷ್ಟೇ ಮಾಡಿದಳು. ಆಮೇಲೆ ಅಲ್ಲಿದ್ದ ಅಸಿಸ್ಟೆಂಟ್ ಬೇರೆ ಕಡೆ ಕೆಲಸ ಸಿಕ್ಕಿತೆಂದು ಹೋದ. ಅವನ ಜಾಗಕ್ಕೆ ಆಡಳಿತದವರು ಯಾರನ್ನೂ ತರಲಿಲ್ಲ. ಕಾಗದದ ಮೇಲೆ ಆ ಕೆಲಸವೆಲ್ಲ ಡೆಮಾನ್‌ಸ್ಟ್ರೇಟರ್ ಮೇಷ್ಟ್ರ ಹೆಗಲಿಗೆ ಬಿತ್ತು. ನಿಜವಾಗಿ ಬಿದ್ದದ್ದು ಲ್ಯಾಬಮ್ಮನ ಕೈಗೆ. ಆಸಿಡ್ಡಿಗೆ ನೀರು ಬೆರೆಸಿ ಹದ ಮಾಡುವುದು, ಅಲ್ಲಲ್ಲ, ನೀರಿಗೆ ಆಸಿಡ್ ಬೆರೆಸುವುದು (ಉಲ್ಟಾ ಮಾಡಿದರೆ ಮುಖಕ್ಕೇ ಸಿಡಿಯುತ್ತದೆ, ಅದನ್ನು ಅವಳು ಮಕ್ಕಳಿಗೆ ದಿನಾ ಬೈದು ಹೇಳುತ್ತಾಳೆ), ತೂಕ ಮಾಡುವುದು, ಸೋಸುವುದು, ಸೀಸೆಗೆ ಚೀಟಿ ಅಂಟಿಸುವುದು, ಪರೀಕ್ಷೆಗೆ ಪೊಟ್ಟಣ ಕಟ್ಟುವುದು. ಮೇಷ್ಟ್ರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುವರು. ತಿಂಗಳ ಕೊನೆಗೆ ರಿಜಿಸ್ಟರಿನಲ್ಲಿ "ತಯಾರಿಸಿದವರು" ಎಂಬ ಜಾಗದಲ್ಲಿ ತಮ್ಮ ಸಹಿ ಎಳೆಯುವರು. ಹದಿನೆಂಟು ವರ್ಷ ಹೀಗೇ ನಡೆಯಿತು.

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಕಾಲೇಜಿಗೆಲ್ಲ ಅವಳು ಲ್ಯಾಬಮ್ಮ.

ನೋಟಿಸಿನ ಕೊನೆಯ ಸಾಲನ್ನು ಅವಳು ಎರಡು ಸಲ ಓದಿದಳು. ಹತ್ತನೇ ಕ್ಲಾಸು ಪಾಸಾಗಿರಬೇಕು. ಆಗಿಲ್ಲದಿದ್ದರೆ, ಹದಿನೈದು ವರ್ಷ ಇದೇ ಕೆಲಸ ಮಾಡಿದ್ದೇವೆಂದು ವಿಭಾಗದವರಿಂದ ಅನುಭವದ ಸರ್ಟಿಫಿಕೇಟ್ ತರಬೇಕು. ಹತ್ತನೇ ಕ್ಲಾಸಿನ ಬಾಗಿಲು ಅವಳಿಗೆ ಯಾವತ್ತೋ ಮುಚ್ಚಿತ್ತು. ಉಳಿದದ್ದು ಒಂದೇ ದಾರಿ, ಆ ಸರ್ಟಿಫಿಕೇಟು.

ಪ್ರಿನ್ಸಿಪಾಲ್ ಮೇಡಂ ಬಂದು ಇನ್ನೂ ಎಂಟು ತಿಂಗಳು. ಅವರನ್ನೇ ನೇರವಾಗಿ ಕೇಳಿದಳು.

"ಅಪ್ಲೈ ಮಾಡಿ, ಬೇಡ ಅನ್ನೋರು ಯಾರು," ಎಂದರು ಅವರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. "ಆದ್ರೆ ಒಂದು ವಿಷ್ಯ ಈಗ್ಲೇ ಹೇಳಿಬಿಡ್ತೀನಿ. ಅಸಿಸ್ಟೆಂಟ್ ಬಂದ್ಮೇಲೆ ಲ್ಯಾಬಿಗೆ ಬೇರೆ ಅಟೆಂಡರ್ ಇರಲ್ಲ. ನೀವು ಸೆಲೆಕ್ಟ್ ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಕಾರಿಡಾರ್ ಕ್ಲೀನಿಂಗಿಗೆ ಹಾಕ್ಬೇಕಾಗುತ್ತೆ."

ಕಾರಿಡಾರು! ಕಸಬರಿಗೆ ಹಿಡಿಯುವುದಕ್ಕೆ ಲ್ಯಾಬಮ್ಮನಿಗೆ ಯಾವತ್ತೂ ನಾಚಿಕೆಯಿಲ್ಲ, ಈಗಲೂ ದಿನಾ ಹಿಡಿಯುತ್ತಾಳೆ. ಆದರೆ ಯಾವ ಸೀಸೆ ಯಾವ ಕಪಾಟಿನ ಯಾವ ಮೂಲೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವಳು ಬಾಗಿಲ ಹೊರಗೆ ನಿಂತು, ನಿನ್ನೆ ಬಂದವನಿಗೆ ಕಿಟಕಿಯಿಂದ ಹೇಳಿಕೊಡಬೇಕೇ? ಅದು ಮಾತ್ರ ಸಾಧ್ಯವಿಲ್ಲ ಎಂದು ಮೆಟ್ಟಿಲಿಳಿಯುವಾಗಲೇ ತೀರ್ಮಾನ ಮಾಡಿಬಿಟ್ಟಳು.

ಅರ್ಜಿ ತುಂಬುವ ಕೆಲಸ ಮನೆಯಲ್ಲಿ ನಡೆಯಿತು, ಭಾನುವಾರ ಮಧ್ಯಾಹ್ನ, ಊಟ ಮುಗಿದ ಮೇಲೆ. ಮಗಳು ಡಿಗ್ರಿಯ ಕೊನೇ ವರ್ಷದಲ್ಲಿದ್ದಳು. ಅರ್ಜಿಯ ಇಂಗ್ಲಿಷು ಅವಳಿಗೆ ನೀರು ಕುಡಿದಷ್ಟು ಸುಲಭ. ಲ್ಯಾಬಮ್ಮನಿಗೂ ಇಂಗ್ಲಿಷು ಬರುತ್ತಿತ್ತು, ಆದರೆ ಅದು ಸೀಸೆಗಳ ಇಂಗ್ಲಿಷು. ಮೊದಲ ವರ್ಷ ಮೇಷ್ಟ್ರೇ ಸೀಸೆಗಳ ಮೇಲಿನ ನಾಲ್ಕಾರು ಪದಗಳನ್ನು ಅರ್ಥದ ಸಮೇತ ಬರೆದುಕೊಟ್ಟು, "ಇಷ್ಟಾದ್ರೂ ಕಲ್ತುಕೋ, ಇಲ್ಲಾಂದ್ರೆ ಒಂದು ದಿನ ಯಾವುದನ್ನೋ ಯಾವುದಕ್ಕೋ ಸುರಿದು ನಮ್ಮನ್ನೆಲ್ಲ ಮೇಲೆ ಕಳಿಸ್ತೀಯ," ಎಂದಿದ್ದರು. ಆ ಉಪಕಾರವನ್ನು ಅವಳು ಮರೆತವಳಲ್ಲ. ಅಲ್ಲಿಂದ ಪಾಯ್ಸನ್, ಡೈಲ್ಯೂಟ್, ಕೀಪ್ ಅವೇ ಫ್ರಮ್ ಫೈರ್ ಎಂದು ಒಂದೊಂದೇ ಪದ ಕೂಡಿಸಿಕೊಂಡಳು. ಸೀಸೆಯ ಮೇಲೆ ಏನು ಬರೆದಿದೆಯೋ ಒಳಗೆ ಅದೇ ಇರಬೇಕು, ಇಲ್ಲದಿದ್ದರೆ ಅನಾಹುತ. ಅರ್ಜಿಯ ಪದಗಳಿಗೆ ಅಂಥ ಮರ್ಯಾದೆಯೇ ಇಲ್ಲವೆಂದು ಅವಳಿಗೆ ಆ ಭಾನುವಾರ ಗೊತ್ತಾಯಿತು.

"ಎಜುಕೇಶನ್ ಕಾಲಮ್ಮಲ್ಲಿ ಒಂಬತ್ತನೇ ಕ್ಲಾಸು ಅಂತ ಹಾಕ್ತೀನಿ," ಎಂದಳು ಮಗಳು. "ಪಕ್ಕದಲ್ಲಿ ಡ್ರಾಪೌಟ್ ಅಂತ ಬರೀಬೇಕು."

"ಹಾಗಂದ್ರೆ?"

"ಓದು ಮಧ್ಯದಲ್ಲಿ ಬಿಟ್ಟೋರು ಅಂತ."

"ಬಿಟ್ಟೋಳು ಯಾರೇ? ನಾನು ಬಿಟ್ನಾ?" ಲ್ಯಾಬಮ್ಮ ಒರಗಿದ್ದವಳು ಎದ್ದು ಕೂತಳು. "ನಮ್ಮಮ್ಮ ಹಾಸಿಗೆ ಹಿಡಿದ್ರು, ಮನೇಲಿ ಅಡುಗೆಗೆ ಯಾರೂ ಇಲ್ಲ ಅಂತ ನಮ್ಮಪ್ಪ ನನ್ನ ಪುಸ್ತಕಾನೆಲ್ಲ ಕಟ್ಟಿ ಅಟ್ಟದ ಮೇಲೆ ಹಾಕಿದ್ರು. ನಿನ್ನ ದೊಡ್ಡ ಮಾವ ಹತ್ತನೇ ಕ್ಲಾಸಿಗೆ ಮೂರು ಸಲ ಕೂತ. ಮೂರು ಸಲಾನೂ ಗೋತಾ. ನನ್ನನ್ನ ಒಂದೇ ಒಂದು ಸಲ ಕೂರಿಸಿ ನೋಡ್ಲಿಲ್ಲ. ಈಗ ನಾನು ಬಿಟ್ಟೋಳಾ? ಬರಿ, ಅಪ್ಪ ಬಿಡಿಸಿದ್ರು ಅಂತ ಬರಿ."

"ಹಾಗೆಲ್ಲ ಬರೆಯಕ್ಕಾಗಲ್ಲಮ್ಮ."

"ಯಾಕಾಗಲ್ಲ? ನಿಜ ಬರೆದ್ರೆ ಶಾಯಿ ಬರಲ್ವಾ?"

ಮಗಳು ಆ ಜಾಗ ಬಿಟ್ಟು ಮುಂದಕ್ಕೆ ಹೋದಳು. ಅಲ್ಲಿ ಇನ್ನೊಂದು ಕಾದಿತ್ತು. ಶಾಲೆ ಬಿಟ್ಟದ್ದಕ್ಕೂ ಕೆಲಸಕ್ಕೆ ಸೇರಿದ್ದಕ್ಕೂ ನಡುವೆ ಎಂಟು ವರ್ಷ. ಅದಕ್ಕೆ ಗ್ಯಾಪ್ ಎನ್ನುತ್ತಾರಂತೆ, ಸುಮ್ಮನೆ ಇದ್ದ ಕಾಲ. ಲ್ಯಾಬಮ್ಮ ನಕ್ಕೇಬಿಟ್ಟಳು. ಏಳು ಜನರಿಗೆ ಎರಡು ಹೊತ್ತು ಬೇಯಿಸಿ ಹಾಕಿ, ಕಾಯಿಲೆಯ ತಾಯಿಯನ್ನು ಎತ್ತಿ ಇಳಿಸಿ, ರಾತ್ರಿ ಪಕ್ಕದ ಮನೆಯವರ ಬಟ್ಟೆ ಹೊಲಿದುಕೊಟ್ಟ ಎಂಟು ವರ್ಷಕ್ಕೆ ಇಂಗ್ಲಿಷಿನಲ್ಲಿ ಹೆಸರು ಸುಮ್ಮನೆ ಇದ್ದದ್ದು! "ಅದನ್ನ ಕಂಡುಹಿಡಿದೋನು ಒಂದು ದಿನಾನೂ ಪಾತ್ರೆ ತೊಳೆದಿಲ್ಲ," ಎಂದಳು.

ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವನು. ಗೋಡೆಗೊರಗಿ ಇದನ್ನೆಲ್ಲ ಕೇಳುತ್ತಿದ್ದವನು ಮಗಳಿಗೆ ಹೇಳಿದ: "ನನ್ನದೂ ಒಂದು ಬರಿ ಮಗಾ. ಹುದ್ದೆ, ಗಂಡ. ಅನುಭವ, ಇಪ್ಪತ್ತೈದು ವರ್ಷ."

"ಸರ್ಟಿಫಿಕೇಟ್ ಮಾತ್ರ ಕೇಳ್ಬೇಡಿ," ಎಂದಳು ಲ್ಯಾಬಮ್ಮ. "ನಾನು ಕೊಡಲ್ಲ."

ಮೂವರೂ ನಕ್ಕರು. ಆಮೇಲೆ ಅನುಭವದ ಕಾಲಮ್ಮು ಬಂತು, ನಗು ನಿಂತಿತು. ಮಗಳು ಮೊದಲೇ ಒಂದು ಸಾಲು ಬರೆದಿಟ್ಟಿದ್ದಳು. ಓದಿ ಹೇಳಿದಳು: ದ್ರಾವಣಗಳ ತಯಾರಿಕೆಯಲ್ಲಿ ಬೋಧಕರಿಗೆ ಅಸಿಸ್ಟ್ ಮಾಡಿರುತ್ತೇನೆ.

"ಅಸಿಸ್ಟ್ ಅಂದ್ರೆ ಪಕ್ಕದಲ್ಲಿ ನಿಂತು ಕೈ ಜೋಡಿಸೋದು ತಾನೇ?"

"ಹೂಂ."

"ನಾನು ಯಾರ ಪಕ್ಕ ನಿಂತಿದ್ದೆ? ಅಲ್ಲಿ ಯಾರಿದ್ರು ನಿಲ್ಲೋಕೆ? ಮಾಡಿದ್ದೀನಿ ಅಂತ ಬರಿ."

ಮಗಳು ಪೆನ್ನು ಕೆಳಗಿಟ್ಟಳು. ಜಾಣ ಹುಡುಗಿ ಅವಳು, ತಾಯಿಗೆ ಕಾಣದ್ದು ಅವಳಿಗೆ ಕಂಡಿತ್ತು. "ಅಮ್ಮ, ಹಾಗೆ ಬರೆದ್ರೆ ಅದಕ್ಕೆ ಮೇಷ್ಟ್ರು ಸಹಿ ಹಾಕ್ಬೇಕು. ನೀನು ಮಾಡಿದ್ದೀಯ ಅಂತ ಅವರು ಒಪ್ಪಿದ್ರೆ ಹದಿನೆಂಟು ವರ್ಷ ಅವರೇನು ಮಾಡ್ತಿದ್ರು ಅಂತ ಪ್ರಶ್ನೆ ಬರುತ್ತೆ. ಇನ್ನೆರಡು ತಿಂಗಳಿಗೆ ರಿಟೈರ್ ಆಗೋರು. ಹಾಕ್ತಾರಾ?"

ಲ್ಯಾಬಮ್ಮ ಪೆನ್ನನ್ನು ಎತ್ತಿ ಮಗಳ ಕೈಗಿಟ್ಟಳು. ಆಮೇಲೆ ಹೇಳಿದಳು: "ಬರಿ. ಹಾಕೋದು ಬಿಡೋದು ಅವರ ಮನಸ್ಸಾಕ್ಷಿಗೆ ಬಿಟ್ಟಿದ್ದು."

ಮಗಳು ಬರೆದಳು.

ಮೇಷ್ಟ್ರ ಮನಸ್ಸಾಕ್ಷಿ ಎರಡು ದಿನ ತೆಗೆದುಕೊಂಡಿತು. ಮೂರನೆಯ ದಿನ ಕವರಿನಲ್ಲಿ ಹಾಕಿದ ಕಾಗದವೊಂದನ್ನು ಅವಳ ಕೈಗಿತ್ತು, "ಚೆನ್ನಾಗಿ ಬರೆದಿದ್ದೀನಿ ನೋಡು," ಎಂದು ಬೆನ್ನು ತಟ್ಟುವ ದನಿಯಲ್ಲಿ ಹೇಳಿದರು. ಕವರನ್ನು ಹಾಗೇ ಆಫೀಸಿಗೆ ಕೊಟ್ಟುಬಿಡುತ್ತಾಳೆ ಎಂದುಕೊಂಡಿದ್ದರೋ ಏನೋ. ಅವಳು ಸಿಂಕಿನ ಪಕ್ಕ ನಿಂತು ತೆಗೆದು ಓದಿದಳು. ಪ್ರಾಮಾಣಿಕಳು, ವಿಧೇಯಳು, ಶ್ರಮಜೀವಿ ಎಂಬರ್ಥದ ಮೂರು ದಪ್ಪ ಪದ ಮೊದಲ ಸಾಲಿನಲ್ಲಿ. ಎರಡನೆಯ ಸಾಲಿನಲ್ಲಿ, ಗಾಜಿನ ಸಾಮಾನುಗಳ ಶುಚಿಗೊಳಿಸುವಿಕೆಯಲ್ಲಿ ಅಸಿಸ್ಟ್ ಮಾಡಿದ್ದಾರೆ. ಅಷ್ಟೇ, ಕೆಳಗೆ ಸಹಿ.

ಅವಳು ಒದ್ದೆ ಕೈಯಲ್ಲೇ ಕಿಟಕಿಯ ಹತ್ತಿರ ಹೋದಳು.

"ತೊಳೆಯೋದಕ್ಕೂ ಅಸಿಸ್ಟಾ ಮೇಷ್ಟ್ರೇ? ಹಾಗಾದ್ರೆ ತೊಳೆದವ್ರು ಯಾರು, ನೀವಾ?"

ಮೇಷ್ಟ್ರು ಪೇಪರ್ ಮಡಿಸಿದರು. "ಅದೆಲ್ಲ ಬರೆಯೋ ಕ್ರಮ ಕಣಮ್ಮ. ಎಲ್ಲರಿಗೂ ಹಾಗೇ ಬರೆಯೋದು."

"ಹದಿನೆಂಟು ವರ್ಷ ದ್ರಾವಣ ಮಾಡಿದ್ದು? ಪರೀಕ್ಷೆ ನಡೆಸಿದ್ದು?"

"ನೋಡು," ಮೇಷ್ಟ್ರ ದನಿ ಇಳಿಯಿತು. "ನಾನು ನಿನಗೆ ಎಂದಾದ್ರೂ ಕೆಟ್ಟದ್ದು ಬಯಸಿದ್ದೀನಾ? ಹೋಗೋ ಕಾಲಕ್ಕೆ ನನ್ನ ಹೆಸರಿಗೆ ಮಸಿ ಬಳೀಬೇಡ. ಹೊಸಬ ಯಾರಾದ್ರೂ ಬರ್ಲಿ, ನೀನು ಹೇಳಿದ ಹಾಗೆ ಕೇಳ್ತಾನೆ. ಕೆಲ್ಸ ನಿನ್ನದೇ ಇರುತ್ತೆ."

"ಕೆಲ್ಸ ನಂದು, ಹೆಸರು ಅವಂದು. ಇಷ್ಟು ದಿನ ನಿಮ್ಮದಿತ್ತು, ಇನ್ಮೇಲೆ ಅವಂದು. ನನ್ನ ಸರದಿ ಯಾವಾಗ ಮೇಷ್ಟ್ರೇ, ಸತ್ಮೇಲಾ?"

ಮೇಷ್ಟ್ರು ಮತ್ತೆ ಪೇಪರ್ ಬಿಡಿಸಿದರು. ಅವಳು ಆ ಕಾಗದವನ್ನು ಅವರ ಪೇಪರಿನ ಮೇಲಿಟ್ಟು ಬಂದಳು. ಅರ್ಜಿಯನ್ನು ಸರ್ಟಿಫಿಕೇಟ್ ಇಲ್ಲದೆಯೇ ಕೊಟ್ಟಳು. ಸುಳ್ಳು ಸರ್ಟಿಫಿಕೇಟಿಗಿಂತ ಇಲ್ಲದಿರುವುದೇ ಮೇಲು ಎಂದು ಮಗಳಿಗೆ ಹೇಳಿದಳು.

ಇಂಟರ್‌ವ್ಯೂ ಪ್ರಿನ್ಸಿಪಾಲರ ಕೋಣೆಯಲ್ಲಿ. ಹೊರಗೆ ಬೆಂಚಿನ ಮೇಲೆ ಇಸ್ತ್ರಿ ಬಟ್ಟೆಯ ಐದು ಜನ ಎಳೆಯರು, ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಫೈಲು. ಒಳಗೆ ಪ್ರಿನ್ಸಿಪಾಲ್ ಮೇಡಂ, ಅವರ ಪಕ್ಕದಲ್ಲಿ ವಿಭಾಗದ ಪರವಾಗಿ ಮೇಷ್ಟ್ರೇ ಕೂತಿದ್ದರು.

ಮೇಡಂ ಅರ್ಜಿ ತಿರುವಿದರು. "ಎಲ್ಲಾ ದ್ರಾವಣ ನಾನೇ ತಯಾರಿಸಿದ್ದೀನಿ, ಪರೀಕ್ಷೆಯ ತಯಾರಿನೂ ನಂದೇ ಅಂತ ಬರೆದಿದ್ದೀರಿ. ಪ್ರೂಫ್ ಏನು?"

"ಇವರನ್ನೇ ಕೇಳಿ ಮೇಡಂ," ಎಂದಳು.

ಮೇಷ್ಟ್ರು ಮೇಜಿನ ಅಂಚನ್ನೇ ನೋಡುತ್ತ ಹೇಳಿದರು: "ತುಂಬಾ ಒಳ್ಳೆ ಹೆಂಗಸು. ತೊಳೆಯೋದು, ಒರೆಸೋದು ಎಲ್ಲ ಅಚ್ಚುಕಟ್ಟು. ತಯಾರಿಕೆ ನನ್ನ ಜವಾಬ್ದಾರಿ. ರಿಜಿಸ್ಟರಲ್ಲಿ ಸಹಿ ಇದೆ."

ಆ ಮಾತು ಹೊರಬೀಳುವಾಗ ಅವರ ಕಿವಿ ಕೆಂಪಾಗಿತ್ತು. ಅದನ್ನು ಲ್ಯಾಬಮ್ಮ ನೋಡಿದಳು. ಹದಿನೆಂಟು ವರ್ಷ ದಿನಾ ಚಹಾ ಹಂಚಿಕೊಂಡ ಮನುಷ್ಯ! ಬಾಯಿಗೆ ಬಂದದ್ದನ್ನು ಅಂದುಬಿಡಬೇಕೆನ್ನಿಸಿತು, ಅಂದರೆ ಹೊರಗೆ ಕೂತ ಮಕ್ಕಳ ಮುಂದೆ ತನ್ನ ಮಾನವೇ ಹೋಗುತ್ತದೆಂದು ತಡೆದುಕೊಂಡಳು.

"ರಿಜಿಸ್ಟರ್ ಹಾಗೆ ಹೇಳುತ್ತೆ ಮೇಡಂ," ಎಂದು ಎದ್ದು ನಿಂತಳು. "ನಾನು ಬರೆದಿದ್ದು ನಿಜ. ಒಂದಕ್ಷರಾನೂ ಹಿಂದಕ್ಕೆ ತಗೊಳ್ಳಲ್ಲ."

ಮಕ್ಕಳ ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೆ ಯಾರನ್ನು ಆರಿಸಿದ್ದೇವೆಂದು ತಿಳಿಸುತ್ತೇವೆ ಎಂದರು ಮೇಡಂ. ತಿಳಿಸುವುದಕ್ಕೆ ಇನ್ನೇನು ಉಳಿದಿತ್ತು? ಸರ್ಟಿಫಿಕೇಟ್ ಇಲ್ಲ, ಸಾಕ್ಷಿ ಹೇಳಬೇಕಾದವರು ತಿರುಗಿಬಿದ್ದಾಗಿತ್ತು.

"ಹಾಗಿದ್ರೆ ಪರೀಕ್ಷೆ ಕೆಲ್ಸ ಮಾಡ್ಲೇಬೇಡ," ಎಂದ ಗಂಡ ಸಂಜೆ ಮನೆಯಲ್ಲಿ. "ಅವರ ಜವಾಬ್ದಾರಿ ತಾನೇ, ಅವರೇ ಒದ್ದಾಡ್ಲಿ."

"ಮಕ್ಕಳೇನ್ರೀ ಮಾಡಿದ್ರು?" ಎಂದಳು ಲ್ಯಾಬಮ್ಮ. "ಜಗಳ ನಮ್ಮ ನಮ್ಮಲ್ಲಿ. ಅವರು ವರ್ಷವೆಲ್ಲ ಓದಿದ್ದಾರೆ."

ಹಾಗೆಂದೇ ಎಂದಿನಂತೆ ಇಪ್ಪತ್ತನಾಲ್ಕು ಪೊಟ್ಟಣ ಕಟ್ಟಿದಳು. ಈ ಪರೀಕ್ಷೆಯ ಬಗೆ ಹೀಗೆ: ಪ್ರತಿ ವಿದ್ಯಾರ್ಥಿಗೂ ನಂಬರ್ ಹಾಕಿದ ಒಂದು ಪೊಟ್ಟಣ, ಅದರಲ್ಲಿ ಹೆಸರು ಹೇಳದ ಒಂದು ಉಪ್ಪು. ಕಾಯಿಸಿ, ಕರಗಿಸಿ, ಅದಕ್ಕೆ ಇದಕ್ಕೆ ಬೆರೆಸಿ ನೋಡಿ ಒಳಗಿರುವುದು ಏನೆಂದು ಅವರು ಕಂಡುಹಿಡಿಯಬೇಕು. ಯಾವ ನಂಬರಿನಲ್ಲಿ ಯಾವ ಉಪ್ಪು ಎಂಬ ಪಟ್ಟಿ ಮಾತ್ರ ಮುಚ್ಚಿದ ಲಕೋಟೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಕೈಯಲ್ಲಿರಬೇಕು. ಲ್ಯಾಬಮ್ಮ ಪ್ರತಿ ವರ್ಷ ನಂಬರುಗಳನ್ನು ಕಲಸಿಬಿಡುವಳು, ಇಲ್ಲವಾದರೆ ಹಿಂದಿನ ವರ್ಷದವರು ಮುಂದಿನವರಿಗೆ ಹೇಳಿಕೊಟ್ಟುಬಿಡುತ್ತಾರೆ ಎಂದು. ಹೀಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ತನ್ನ ನೋಟುಬುಕ್ಕಿನಲ್ಲಿ ಬರೆದಿಡುವಳು. ಮೇಷ್ಟ್ರು ಬಂದು, ಅದನ್ನು ನೋಡಿ ನಕಲು ಮಾಡಿ, ಸಹಿ ಹಾಕಿ, ಲಕೋಟೆ ಮುಚ್ಚುವರು. ಏನು ನಕಲು ಮಾಡುತ್ತಿದ್ದೇನೆಂದು ಅವರು ಒಂದು ವರ್ಷವೂ ಗಮನವಿಟ್ಟು ನೋಡಿರಲಿಕ್ಕಿಲ್ಲ.

ಈ ಸಲ ಅವರು ನೋಟುಬುಕ್ಕು ಕೇಳಲಿಲ್ಲ. ಇಂಟರ್‌ವ್ಯೂನಲ್ಲಿ ಆ ಮಾತು ಆಡಿದ ಮೇಲೆ ಕೇಳುವುದಕ್ಕೆ ಮುಖವೆಲ್ಲಿತ್ತು? ಪರೀಕ್ಷೆಯ ಬೆಳಿಗ್ಗೆ ಮುಚ್ಚಿದ ಲಕೋಟೆಯನ್ನೇ ಹಿಡಿದುಕೊಂಡು ಬಂದರು.

ಲ್ಯಾಬಮ್ಮ ಅದನ್ನು ನೋಡಿ ಬೆರಗಾದಳು. "ಮೇಷ್ಟ್ರೇ, ಪಟ್ಟಿ ನೋಡ್ಕೊಂಡ್ರಾ?"

"ನನ್ನ ಕೆಲ್ಸ ನನಗೆ ಗೊತ್ತಮ್ಮ," ಎಂದರು ಬಿಗಿಯಾಗಿ.

ಎಲ್ಲಿಂದಲೋ ನೋಡಿಕೊಂಡಿರಬೇಕು ಎಂದುಕೊಂಡು ಬರ್ನರುಗಳಿಗೆ ಬೆಂಕಿ ಹಚ್ಚಲು ಹೋದಳು.

ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳು ಉತ್ತರ ಬರೆದ ಹಾಳೆ ಕೊಟ್ಟು ಮೇಜುಗಳ ಹಿಂದೆ ನಿಂತರು. ಪರೀಕ್ಷಕರು ದಪ್ಪ ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ಲಕೋಟೆ ಹರಿದು, ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಕೆಂಪು ಪೆನ್ನು ತೆಗೆದರು. ಮೊದಲ ಹಾಳೆ ತಪ್ಪು. ಎರಡನೆಯದು ತಪ್ಪು. ಮೂರು, ನಾಲ್ಕು, ಐದು, ಎಲ್ಲ ತಪ್ಪು. ಏಳನೆಯ ಹಾಳೆಗೆ ಬಂದವರು ಪೆನ್ನು ಇಳಿಸಿ, ಆ ನಂಬರಿನ ಪೊಟ್ಟಣದಲ್ಲಿ ಉಳಿದಿದ್ದ ಪುಡಿಯನ್ನು ಗಾಜಿನ ತಟ್ಟೆಗೆ ಸುರಿದು ಬೆಳಕಿಗೆ ಹಿಡಿದರು.

"ಡೆಮಾನ್‌ಸ್ಟ್ರೇಟರೇ, ಸ್ವಲ್ಪ ಬನ್ನಿ. ಇದು ಯಾವ ಬಣ್ಣ?"

"ನೀಲಿ ಸರ್."

"ನಿಮ್ಮ ಪಟ್ಟಿ ಇದನ್ನ ಅಮೋನಿಯಂ ಕ್ಲೋರೈಡ್ ಅನ್ನುತ್ತೆ. ಅದು ಹಾಲಿನ ಹಾಗೆ ಬೆಳ್ಳಗಿರೋದು. ನಿಮ್ಮ ಕಾಲೇಜಲ್ಲಿ ನೀಲಿಯಾಗಿದ್ದು ಯಾವತ್ತಿನಿಂದ?"

ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಿಕ್ಕಲು ಶುರುಮಾಡಿದಳು, ಪಾಪ, ತನ್ನ ವರ್ಷವೇ ಮುಳುಗಿತೆಂದು. ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತಿದ್ದರು. ಸಿಂಕಿನಲ್ಲಿ ಟೆಸ್ಟ್ ಟ್ಯೂಬ್ ತೊಳೆಯುತ್ತಿದ್ದ ಲ್ಯಾಬಮ್ಮನಿಗೆ ಆಗ ಎಲ್ಲ ಹೊಳೆಯಿತು. ಹೋದ ವರ್ಷದ ಪಟ್ಟಿಯನ್ನೇ ಫೈಲಿನಿಂದ ತೆಗೆದು ನಕಲು ಮಾಡಿಬಿಟ್ಟಿದ್ದಾರೆ! ಪ್ರತಿ ವರ್ಷ ನಂಬರು ಬದಲಾಗುತ್ತದೆಂಬುದೇ ಪುಣ್ಯಾತ್ಮನಿಗೆ ಗೊತ್ತಿಲ್ಲ!

ಕೈ ಒರೆಸಿಕೊಂಡು, ಕಪಾಟಿನಿಂದ ನೋಟುಬುಕ್ಕು ತೆಗೆದು, ಪರೀಕ್ಷಕರ ಮೇಜಿನ ಮುಂದೆ ನಿಂತಳು.

"ಸರ್, ಮಕ್ಕಳದೇನೂ ತಪ್ಪಿಲ್ಲ. ಪಟ್ಟಿ ಹಳೇದು. ಈ ವರ್ಷದ್ದು ಇಲ್ಲಿದೆ. ಏಳನೇದು ಕಾಪರ್ ಸಲ್ಫೇಟು."

"ನೀವು ಯಾರು?"

"ಪೊಟ್ಟಣ ಕಟ್ಟಿದೋಳು."

ಪರೀಕ್ಷಕರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಂದು ಹಾಳೆ ಎಳೆದುಕೊಂಡರು. "ಹನ್ನೊಂದು?" "ಸೀಸದ ನೈಟ್ರೇಟು." "ಹತ್ತೊಂಬತ್ತು?" "ಅಮೋನಿಯಂ ಕ್ಲೋರೈಡು. ಬೆಳ್ಳಗಿರೋದು." ಹನ್ನೊಂದನೆಯದನ್ನು ಅವರೇ ಕರಗಿಸಿ ಪರೀಕ್ಷೆ ಮಾಡಿದರು, ಹಳದಿ ಗಸಿ ಕೂತಿತು. ಆಮೇಲೆ ಅವಳ ಕನ್ನಡ ಅಕ್ಷರದ ಪಟ್ಟಿಯನ್ನು ಅವಳಿಂದಲೇ ಓದಿಸಿಕೊಂಡು ಇಪ್ಪತ್ತನಾಲ್ಕು ಹಾಳೆಗೂ ತಾಳೆ ನೋಡಿದರು. ಇಪ್ಪತ್ತೆರಡು ಸರಿಯಿತ್ತು. ಅಳುತ್ತಿದ್ದ ಹುಡುಗಿ ಮೂಗು ಒರೆಸಿಕೊಂಡಳು. ಪರೀಕ್ಷಕರು ಮಕ್ಕಳನ್ನು ಹೊರಗೆ ಕಳಿಸಿ, ಹೊಸ ಪಟ್ಟಿಯ ಫಾರಂ ತೆಗೆದರು.

ಮೇಷ್ಟ್ರಿಗೆ ಈಗ ಉಸಿರು ಬಂತು. "ಕೊಡಮ್ಮ ಇಲ್ಲಿ, ನಾನು ಬರೆದು ಸಹಿ ಹಾಕಿಬಿಡ್ತೀನಿ," ಎಂದು ನೋಟುಬುಕ್ಕಿಗೆ ಕೈ ಚಾಚಿದರು.

ಲ್ಯಾಬಮ್ಮ ಅಂಗೈಯನ್ನು ಅದರ ಮೇಲೆ ಒತ್ತಿ ಇಟ್ಟಳು.

"ಇಲ್ಲ ಮೇಷ್ಟ್ರೇ."

"ಏನಮ್ಮ ಇದು, ಈ ಹೊತ್ತಲ್ಲಿ—"

"ಮಕ್ಕಳ ಕೆಲ್ಸ ಆಯ್ತು. ಇನ್ನು ಇದು ನನ್ನ ಕೆಲ್ಸ. ತಯಾರಿಸಿದವರು ಅಂತ ಇದೆಯಲ್ಲ, ಅಲ್ಲಿಗೆ ಈ ಸಲ ನನ್ನ ಹೆಸರು ಹೋಗುತ್ತೆ. ನಿಮ್ಮ ಹೆಸರು ಹಾಕೋದಾದ್ರೆ ಇಪ್ಪತ್ತನಾಲ್ಕು ಪೊಟ್ಟಣಾನೂ ನೀವೇ ಪರೀಕ್ಷೆ ಮಾಡಿ ಬರ್ಕೊಳ್ಳಿ. ಬರ್ನರ್ ಇನ್ನೂ ಆರಿಸಿಲ್ಲ."

ಇಂಥ ಮಾತನ್ನು ಆ ಗೋಡೆಗಳು ಯಾವತ್ತೂ ಕೇಳಿರಲಿಲ್ಲ. ಪ್ರಿನ್ಸಿಪಾಲ್ ಮೇಡಮ್ಮಿಗೆ ಕರೆ ಹೋಯಿತು. ಅವರು ಧಾವಿಸಿ ಬಂದು, ವಿಷಯ ಕೇಳಿ, ಹಣೆ ಒತ್ತಿಕೊಂಡರು. "ಅಟೆಂಡರ್ ಸಹಿ ಹಾಕೋ ಹಾಗಿಲ್ಲ. ರೂಲ್ಸಲ್ಲಿ ಇಲ್ಲ."

"ರೂಲ್ಸು ನಾನು ಹೇಳ್ತೀನಿ," ಎಂದರು ಪರೀಕ್ಷಕ, ಶಾಂತವಾಗಿ. "ಯಾರು ತಯಾರಿಸಿದ್ರೋ ಅವರದೇ ಸಹಿ ಬೇಕು. ಅವರು ಆ ಹುದ್ದೆಯಲ್ಲಿ ಇಲ್ಲದಿದ್ರೆ, ಈ ಕೆಲಸವನ್ನ ಇವರೇ ಮಾಡ್ತಿದ್ದಾರೆ, ಇಷ್ಟು ವರ್ಷದಿಂದ ಮಾಡ್ತಿದ್ದಾರೆ ಅಂತ ಕಾಲೇಜು ಲಿಖಿತವಾಗಿ ಕೊಡ್ಬೇಕು. ಅದೂ ಆಗಲ್ಲ ಅಂದ್ರೆ ನೀಲಿ ಅಮೋನಿಯಂ ಕ್ಲೋರೈಡಿನ ಕಥೇನ ನನ್ನ ವರದೀಲಿ ಬರೀತೀನಿ. ಹಾಳೆಗಳನ್ನ ಒಯ್ಯೋಕೆ ಐದಕ್ಕೆ ಗಾಡಿ ಬರುತ್ತೆ."

ಮೇಡಂ ಮೇಷ್ಟ್ರ ಕಡೆ ತಿರುಗಿದರು. "ಯಾರು ತಯಾರಿಸಿದ್ದು?"

ಮೇಷ್ಟ್ರು ಕಿಟಕಿಯ ಕಡೆ ನೋಡಿದರು, ನೆಲದ ಕಡೆ ನೋಡಿದರು. ಕೊನೆಗೆ ಲ್ಯಾಬಮ್ಮನ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ.

"ಇವಳೇ ಮೇಡಂ," ಎಂದರು. "ಈ ವರ್ಷ ಮಾತ್ರ ಅಲ್ಲ. ಹದಿನೆಂಟು ವರ್ಷದಿಂದ ಎಲ್ಲಾ ಇವಳೇ. ನಾನು ಸಹಿ ಹಾಕಿದ್ದೀನಿ, ಅಷ್ಟೇ."

ಆ ಕ್ಷಣಕ್ಕೆ ಲ್ಯಾಬಮ್ಮನಿಗೆ ಅವರ ಮೇಲೆ ಕರುಣೆ ಬಂದದ್ದು ನಿಜ. ಬಿಳಿ ಕೂದಲಿನ ಮುದುಕ. ಆದರೆ ಕರುಣೆ ತೋರಿಸಿ ತೋರಿಸಿಯೇ ತಾನು ಇಲ್ಲಿಯವರೆಗೆ ಬಂದದ್ದು ಎಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ಒಂದು ಬಿಳಿ ಹಾಳೆ ಅವರ ಮುಂದೆ ಸರಿಸಿದಳು.

ಮೇಷ್ಟ್ರು ಬರೆದರು, ಇಂಗ್ಲಿಷಿನಲ್ಲಿ, ಅರ್ಧ ಪುಟ. ಮೇಡಂ ಸಹಿ ಹಾಕಲು ಪೆನ್ನು ಎತ್ತಿದಾಗ ಲ್ಯಾಬಮ್ಮ, "ಒಂದು ನಿಮಿಷ, ಓದ್ತೀನಿ," ಎಂದು ಕಾಗದ ತೆಗೆದುಕೊಂಡು ಕನ್ನಡಕ ಹಾಕಿಕೊಂಡಳು. ಒಂದೊಂದೇ ಪದಕ್ಕೆ ಬೆರಳಿಟ್ಟು ನಡೆದಳು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

"ಬೇಗ ಆಗ್ಲಿ," ಎಂದರು ಮೇಡಂ. "ಗಾಡಿ ಕಾಯ್ತಾ ಇದೆ."

"ಕಾಯ್ಲಿ ಮೇಡಂ. ನಾನು ಹದಿನೆಂಟು ವರ್ಷ ಕಾದಿದ್ದೀನಿ."

ಮೂವರೂ ಕಾದರು. ಅವಳು ಕೊನೆಯ ಪದದವರೆಗೂ ಓದಿದಳು. ದ್ರಾವಣ ತಯಾರಿಸಿದ್ದಾರೆ ಎಂದಿತ್ತು, ಪರೀಕ್ಷೆಗಳನ್ನು ಸಜ್ಜುಗೊಳಿಸಿದ್ದಾರೆ ಎಂದಿತ್ತು, ಹದಿನೆಂಟು ವರ್ಷ ಎಂದಿತ್ತು. ಅಡ್ಡಮಾತು ಒಂದೂ ಇರಲಿಲ್ಲ.

"ಇದು ಬಂದ್ಮೇಲೆ ನಿಮ್ಮ ಅರ್ಜಿಗೆ ಇನ್ನೇನೂ ತಕರಾರು ಉಳಿಯಲ್ಲ," ಎಂದರು ಮೇಡಂ, ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡುತ್ತ. "ಕೆಲ್ಸ ನಿಮ್ಮದೇ. ಈಗ ಪಟ್ಟಿಗೆ ಸಹಿ ಹಾಕಿ."

ಲ್ಯಾಬಮ್ಮ ಕಾಗದವನ್ನು ಮೇಜಿನ ಮೇಲಿಟ್ಟು, ಇನ್ನೊಂದು ಬಿಳಿ ಹಾಳೆ ತೆಗೆದು ಮೇಷ್ಟ್ರ ಕಡೆ ಚಾಚಿದಳು.

"ಇನ್ನೊಂದು ಪ್ರತಿ ಬರೀರಿ ಮೇಷ್ಟ್ರೇ. ಅದು ಈ ಸಾಹೇಬ್ರಿಗೆ, ಇದು ನನಗೆ."

ಎರಡರ ಮೇಲೂ ಕಾಲೇಜಿನ ಮೊಹರು ಬೀಳುವವರೆಗೆ ಅವಳು ಪೆನ್ನು ಮುಟ್ಟಲಿಲ್ಲ.